ನಾಲ್ಕನೇ ಜ್ವರ ಮತ್ತು ನಮ್ಮ ಅಟ್ಟ

ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಹೋದವಳಿಗೆ ಒಗ್ಗರಣೆ ಹಾಕುವ ಸ್ವಾತಂತ್ರ್ಯ ಇರುವುದಿಲ್ಲ. ಇದನ್ನು ಹೆಣ್ಣು ನೋಡೋಕೆ ಬಂದ ದಿನವೇ ಹೇಳಬೇಕಿತ್ತು, ಯಾರೂ ಹೇಳಲಿಲ್ಲ. ಮನೆಯಲ್ಲಿ ಹುಳ ಇದ್ದಷ್ಟು ದಿನ ಒಣಮೆಣಸಿನಕಾಯಿ ಹುರಿಯೋ ಹಾಗಿಲ್ಲ, ಊದುಬತ್ತಿ ಹಚ್ಚೋ ಹಾಗಿಲ್ಲ, ಸೊಳ್ಳೆಬತ್ತಿಯ ಹೆಸರೇ ಎತ್ತೋ ಹಾಗಿಲ್ಲ. ಮುಖಕ್ಕೆ ಪೌಡರ್ ಹಾಕ್ಕೊಂಡು ಹುಳದ ಮನೆ ಬಾಗಿಲ ಹತ್ತಿರ ಹೋದರೂ ಅತ್ತೆ ಮೂಗು ಸೊಟ್ಟ ಮಾಡೋರು. ಹುಳಕ್ಕೆ ಘಾಟು ಆಗೋಲ್ಲವಂತೆ. ಮದುವೆಯಾದ ಹೊಸದರಲ್ಲಿ, ಇದೆಲ್ಲ ನನ್ನನ್ನು ಹಣಿಯೋಕೇ ಅತ್ತೆ ಮಾಡಿದ ಕಾನೂನು ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ನಾನು ದೊಡ್ಡಬಳ್ಳಾಪುರದವಳು. ಅಪ್ಪನಿಗೆ ಎರಡು ಪವರ್‌ಲೂಮ್ ಮಗ್ಗ. ರೇಷ್ಮೆ ಅಂದರೆ ನನಗೆ ಗೊತ್ತಿದ್ದದ್ದು ಬಣ್ಣ ಹಾಕಿಸಿಕೊಂಡು ಅಂಗಡಿಯಿಂದ ಬರೋ ನೂಲು. ಅದು ಹುಳದ ಬಾಯಿಂದ ಬರುತ್ತೆ ಅಂತ ಸ್ಕೂಲಲ್ಲಿ ಓದಿದ್ದೆ, ಆ ಹುಳಗಳ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಬೇಕಾಗುತ್ತೆ ಅಂತ ಯಾವ ಪಾಠದಲ್ಲೂ ಇರಲಿಲ್ಲ. ನಾನು ನೂಲಿನ ಕಡೆಯವಳು, ಅತ್ತೆ ಹುಳದ ಕಡೆಯವರು. ಜಗಳ ಯಾವುದರಿಂದ ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲೋದು. ನಾವಿಲ್ಲದಿದ್ದರೆ ನಿಮ್ಮಪ್ಪ ಏನು ಗಾಳಿ ನೇಯ್ತಿದ್ರಾ ಅಂತ ಅವರು. ನಾವಿಲ್ಲದಿದ್ದರೆ ನಿಮ್ಮ ಗೂಡನ್ನ ಹುಳಿಗೆ ಹಾಕ್ಕೊಂಡು ಉಣ್ಣಬೇಕಿತ್ತು ಅಂತ ನಾನು.

ನಾನು ಸೇರಿದ ಊರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳೀಲಿ, ವಿಮಾನ ಇಳಿಯೋ ದಾರಿಗೆ ಸರಿಯಾಗಿ ಕೆಳಗೆ. ಏರ್‌ಪೋರ್ಟ್ ಬಂದ ಮೇಲೆ ಅತ್ತೆ ಗಡಿಯಾರ ನೋಡೋದೇ ಬಿಟ್ಟಿದ್ದರು. ಬೆಳಗಿನ ದೊಡ್ಡ ವಿಮಾನ ಹೋದರೆ ಹುಳಕ್ಕೆ ಮೊದಲನೇ ಸೊಪ್ಪು, ಮಧ್ಯಾಹ್ನ ಎರಡು ಒಂದರ ಹಿಂದೊಂದು ಹೋದರೆ ಎರಡನೇ ಸೊಪ್ಪು. ನಮ್ಮನೆಯವರು ಅದೇ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸಕ್ಕಿದ್ದಾರೆ. ವಿಮಾನ ತಡವಾದ ದಿನ ಸಂಜೆ ಅವರು ಮನೆಗೆ ಬಂದ ತಕ್ಷಣ ಅತ್ತೆ ತರಾಟೆಗೆ ತಗೊಳ್ಳೋರು, ಮಗನೇ ಓಡಿಸ್ತಾನೆ ಅನ್ನೋ ಹಾಗೆ.

ಹುಳದ ಮನೆ ಅಂದರೆ ನಮ್ಮ ಮನೆಯ ಹಿಂಭಾಗದ ಉದ್ದನೆ ಕೋಣೆ. ಅದರ ಹಿಂದೆಯೇ ಹಿಪ್ಪುನೇರಳೆ ತೋಟ. ಕೋಣೆಯ ಮೇಲೆ ನೀಲಗಿರಿ ಗಳ ಹಾಕಿ ಹಲಗೆ ಹೊಡೆದ ಅಟ್ಟ, ಅಟ್ಟದ ಮೇಲೆ ಸೂರು. ಮೊದಲು ಹೆಂಚಿತ್ತಂತೆ. ಕೋತಿಗಳ ಕಾಟ ತಡೀಲಾರದೆ ನಮ್ಮ ಮಾವ ಬದುಕಿದ್ದಾಗಲೇ ಹೆಂಚು ತೆಗೆಸಿ ತಗಡಿನ ಶೀಟು ಹೊದಿಸಿದ್ದರು. ಕೋತಿ ಹೋಯ್ತು, ಬೆಂಕಿ ಬಂತು. ಬೇಸಿಗೆ ಮಧ್ಯಾಹ್ನ ಆ ಅಟ್ಟದೊಳಗೆ ತಲೆ ಹಾಕಿದರೆ ಕಣ್ಣುರೆಪ್ಪೆ ಚುರುಗುಟ್ಟೋದು. ಆ ಶಾಖ ಹಲಗೆ ಸಂದಿಯಿಂದ ಇಳಿದು ನೇರವಾಗಿ ಹುಳದ ಮೇಲೆ ಕೂರೋದು.

ಕೊರೊನಾ ಬಂದ ಮೊದಲನೇ ಬೇಸಿಗೆ ಅದು. ಬಿಸಿಲು ಏರಿದ ಮೇಲೆ ಸಾಕಿದ ಎರಡು ಬೆಳೆ ಮೇಲಿಂದ ಮೇಲೆ ಹೋದವು. ಅತ್ತೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದರು, ಊಹೂಂ. ನಾಲ್ಕನೇ ಜ್ವರ ದಾಟೋ ಹೊತ್ತಿಗೆ ಹುಳ ಮೆತ್ತಗಾಗಿ, ಕಪ್ಪಾಗಿ, ಬುಟ್ಟಿಗಟ್ಟಲೆ ತಿಪ್ಪೆ ಸೇರಿದವು. ಶೀಟು ಹಾಳಾಗೋಗ್ಲಿ, ಈ ಅಟ್ಟ ಹಾಳಾಗೋಗ್ಲಿ ಅಂತ ಅತ್ತೆ ಮೇಲೆ ನೋಡಿಕೊಂಡು ಬೈದದ್ದೇ ಬೈದದ್ದು.

ಜ್ವರ ಅಂದರೆ ಏನು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಆಮೇಲೆ ಅಟ್ಟದ ಕೆಲಸಕ್ಕೆ ಬಂದ ಫಿಟ್ಟರ್ ಥರ ನೀವೂ ಗಾಬರಿಯಾಗ್ತೀರಿ. ರೇಷ್ಮೆ ಹುಳ ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಪ್ರತಿ ಸಲವೂ ಮೇಯೋದು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ದಿನಕ್ಕೂ ಹೆಚ್ಚು ಹೊತ್ತು ಅಲ್ಲಾಡದೆ ಕೂರುತ್ತೆ. ಅದಕ್ಕೇ ಜ್ವರ ಅನ್ನೋದು. ಹುಳ ಜ್ವರಕ್ಕೆ ಕೂತವೆ, ಜ್ವರದಿಂದ ಎದ್ದವೆ ಅಂತ ನಮ್ಮ ಕಡೆ ಮಾತು. ಕೂತಾಗ ಸೊಪ್ಪು ಹಾಕಬಾರದು, ಅಲುಗಿಸಬಾರದು, ಸದ್ದು ಮಾಡಬಾರದು. ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಈಚೆ ಬರಬೇಕು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ವಾರವಿಡೀ ರಾಕ್ಷಸರ ಹಾಗೆ ಮೇಯ್ತವೆ. ಆ ವಾರ ತಂಪಿದ್ದರೆ ಬೆಳೆ ಉಳೀತು.

ಎರಡನೇ ಬೆಳೆ ತಿಪ್ಪೆಗೆ ಹೋದ ವಾರವೇ ನಮ್ಮನೆಯವರು ತೀರ್ಮಾನ ಹೇಳಿದರು. ಹುಳ ಸಾಕು, ಹುಳದ ಮನೆಗೆ ನೆಲ ಮಾಡಿಸಿ ಕಾರ್ಗೋ ಹುಡುಗರು ನಾಲ್ಕು ಜನಕ್ಕೆ ಬಾಡಿಗೆಗೆ ಕೊಡೋಣ ಅಂದರು. ಅತ್ತೆ ಅವತ್ತು ಊಟಕ್ಕೆ ಏಳಲಿಲ್ಲ. ಹನ್ನೆರಡು ವರ್ಷದ ಹುಡುಗಿಯಾಗಿ ತವರಲ್ಲಿ ಸೊಪ್ಪು ಹಾಕೋಕೆ ಶುರು ಮಾಡಿದವರು ಅವರು, ಹುಳವಿಲ್ಲದ ಮನೆಯಲ್ಲಿ ಏನು ಮಾಡಬೇಕು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಸಂಜೆ ಮಗನ ಮುಂದೆ ನಿಂತು ಇನ್ನೊಂದೇ ಬೆಳೆ ಕೇಳಿದರು. ಅದೂ ಹೋದರೆ ಬಾಡಿಗೆಯವರಿಗೆ ತಾವೇ ಬೀಗದ ಕೈ ಕೊಡೋದಾಗಿ ಹೇಳಿದರು. ನಮ್ಮನೆಯವರು ಒಪ್ಪಿದರು. ಅವರಿಗೂ ಅಮ್ಮ ಅಲ್ಲವಾ.

ಸತ್ಯವಾಗಿ ಹೇಳಬೇಕಂದರೆ ಮೊದಲು ನಾನು ಗಂಡನ ಪಕ್ಷ. ಹುಳ ಹೋದರೆ ಚೊಂಯ್ ಅಂತ ಒಗ್ಗರಣೆ ಹಾಕಬಹುದಲ್ಲ ಅಂತ ಒಳಗೊಳಗೇ ಖುಷಿ. ಆಮೇಲೆ ಕೂತು ಯೋಚಿಸಿದೆ. ನಾಲ್ಕು ಜನ ಗಂಡಸರು, ಮನೆಗೆ ಇರೋದು ಒಂದೇ ಬಚ್ಚಲು. ಹುಳಕ್ಕೆ ಬಚ್ಚಲು ಬೇಡ. ಹುಳ ಮೊಬೈಲಲ್ಲಿ ಹಾಡು ಹಾಕಲ್ಲ, ಅಕ್ಕಾ ಸ್ವಲ್ಪ ಸಾರು ಕೊಡಿ ಅಂತ ಬಟ್ಟಲು ಹಿಡ್ಕೊಂಡು ಬರಲ್ಲ, ಗೂಡು ಕಟ್ಟಿದ ಮೇಲೆ ಮಾತಾಡದೆ ಮನೆ ಖಾಲಿ ಮಾಡ್ತವೆ. ಮಾರನೇ ಬೆಳಿಗ್ಗೆ ಎದ್ದಾಗ ನಾನು ಪಕ್ಷಾಂತರ ಆಗಿದ್ದೆ. ಅಟ್ಟಕ್ಕೆ ಶಾಖ ತಡೆಯೋ ಹಾಳೆ ಹಾಕಿಸೋಣ ಅಂತ ಅತ್ತೆಗೆ ನಾನೇ ಹೇಳಿದೆ. ಅವರು ನನ್ನ ಮುಖವನ್ನ ಒಂಥರಾ ನೋಡಿ, ಆಗಲಿ ಅಂದರು.

ಲಾಕ್‌ಡೌನ್ ಸಡಿಲಾಗಿತ್ತು. ಅತ್ತೆ ಕೇಳಿದ್ದ ಆ ಕೊನೇ ಬೆಳೆಯ ಮರಿಹುಳ ಆಗಲೇ ಬಂದು ಮೇಯ್ತಾ ಇದ್ದವು. ಯಲಹಂಕದ ಕಡೆಯಿಂದ ಒಬ್ಬ ಫಿಟ್ಟರ್ ಬಂದ. ಮಾಸ್ಕು ಗದ್ದಕ್ಕೆ, ಅಳತೆ ಟೇಪು ಸೊಂಟಕ್ಕೆ. ಅಟ್ಟ ಹತ್ತಿ ಇಳಿದು ಬೆವರು ಒರೆಸಿಕೊಳ್ಳುತ್ತಾ, ಶೀಟಿನ ಕೆಳಗೆ ಬೆಳ್ಳಿ ಬಣ್ಣದ ಹಾಳೆ ಎಳೆದು ಸ್ಕ್ರೂ ಹೊಡೀಬೇಕು, ಹಲಗೆ ಮೇಲೆ ಮೆತ್ತಗಿರೋದು ಏನಾದರೂ ದಪ್ಪಕ್ಕೆ ಹಾಸಬೇಕು ಅಂದ. ಅವನ ಹತ್ತಿರ ಗಾಜಿನ ನೂಲಿನ ಹಾಸು ಇತ್ತಂತೆ. ಹುಳದ ಮೇಲೆ ಗಾಜಿನ ಪುಡಿ ಉದುರಿಸ್ತೀಯೇನಪ್ಪಾ ಅಂತ ಅತ್ತೆ ಗದರಿಸಿದರು. ಆಗ ನನಗೆ ಅಪ್ಪನ ಮಗ್ಗದ ಮನೆ ನೆನಪಾಯ್ತು. ಸೀರೆ ಅಂಚು ಕತ್ತರಿಸಿದ ಚೂರು, ಕಡಿದ ನೂಲು, ಎಲ್ಲಾ ಗೋಣಿಚೀಲದಲ್ಲಿ ತುಂಬಿಟ್ಟಿರ್ತಾರೆ. ಫೋನ್ ಮಾಡಿದೆ. ಮಗ್ಗ ನಿಂತು ಬೇಜಾರಾಗಿದ್ದ ಅಪ್ಪ ಅವತ್ತು ಸಂಜೆಗೇ ಒಂದು ಟೆಂಪೊ ತುಂಬ ಮೂಟೆ ಕಳಿಸಿದರು. ಫಿಟ್ಟರ್ ಬೆಳ್ಳಿ ಹಾಳೆಯ ಸುರುಳಿಗಳನ್ನ ನಮ್ಮ ಜಗಲಿಯಲ್ಲೇ ಇಳಿಸಿ, ಎರಡು ಲೋಟ ಕಾಫಿ ಕುಡಿದು, ಶುಕ್ರವಾರ ಡ್ರಿಲ್ಲಿಂಗ್ ಮೆಷಿನ್ ತರ್ತೀನಿ ಅಂತ ಹೇಳಿ ಹೋದ.

ಗುರುವಾರ ಮಧ್ಯಾಹ್ನ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಹೋಗಿ ನೋಡಿ ಬಂದು ಹೇಳಿದವಳು ನಾನೇ. ಇನ್ನು ಡ್ರಿಲ್ಲು, ಸುತ್ತಿಗೆ ಏನೂ ಆಗಕೂಡದು, ಅವನಿಗೆ ಬರಬೇಡ ಅನ್ನು ಅಂತ ಅತ್ತೆ ಅಂದರು. ನಾನು ಫೋನ್ ಮಾಡಿದೆ.

"ನಾಳೆ ಬರ್ಬೇಡಿ. ಎಲ್ಲಾ ಜ್ವರಕ್ಕೆ ಕೂತ್ಬಿಟ್ಟವೆ," ಅಂದೆ.

"ಎಲ್ಲಾನಾ ಮೇಡಂ? ಯಾವಾಗಿಂದ?"

"ಈಗ ಮಧ್ಯಾಹ್ನದಿಂದ. ಏನೂ ತಿಂತಿಲ್ಲ, ಅಲ್ಲಾಡ್ತಾನೂ ಇಲ್ಲ. ನಾಡಿದ್ದು ಎದ್ದರೆ ನಾನೇ ಫೋನ್ ಮಾಡ್ತೀನಿ."

"ಎದ್ದರೆ?" ಅಂದ ಅವನು. ಹೂಂ ಅಂತ ಇಟ್ಟುಬಿಟ್ಟೆ, ಒಲೆ ಮೇಲೆ ಹಾಲಿತ್ತು.

ಇದರಲ್ಲಿ ನನ್ನದೇನು ತಪ್ಪು ಹೇಳಿ. ನಮ್ಮ ಕಡೆ ಮಕ್ಕಳನ್ನೂ ಹಂಗೇ ಅನ್ನೋದು. ಮಕ್ಕಳು ಉಂಡವಾ, ಮಲಗಿದವಾ ಅಂತೀವಿ. ಹುಳಾನೂ ಹಂಗೇ. ಮಾತಿನಲ್ಲಿ ಮಕ್ಕಳಿಗೂ ಹುಳಕ್ಕೂ ವ್ಯತ್ಯಾಸ ಇಲ್ಲ. ಅವನದೂ ತಪ್ಪಿಲ್ಲ ಪಾಪ. ಮನೆಯಲ್ಲಿ ಬಾಣಂತಿ ಹೆಂಡತಿಯಂತೆ, ಅವನು ನಮ್ಮ ಮನೆಯ ಕಾಫಿ ಕುಡಿದು ಎರಡು ದಿನ ಆಗಿತ್ತು. ಹೆದರಿಕೊಂಡು ಅವತ್ತೇ ಹೋಗಿ ಟೆಸ್ಟ್ ಮಾಡಿಸಿಕೊಂಡು, ಯಾವ ಊರಿನ ಯಾವ ಮನೆಗೆ ಹೋಗಿದ್ದೆ, ಅಲ್ಲಿ ಎಷ್ಟು ಜನ ಮಲಗಿದ್ದಾರೆ ಅಂತ ಎಲ್ಲಾ ಬರೆಸಿಬಂದಿದ್ದ.

ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಜೀಪು ನಿಂತಿತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಇಬ್ಬರು ಇಳಿದರು. ಇಬ್ಬರೂ ಬೇರೆ ಜಿಲ್ಲೆಯವರು, ಮಾತಿನಲ್ಲೇ ಗೊತ್ತಾಗ್ತಿತ್ತು. ನಾನು ಹಿತ್ತಲಲ್ಲಿದ್ದೆ, ಗೇಟಿಗೆ ಹೋದವರು ಅತ್ತೆ. ಮನೆಯಲ್ಲಿ ಜ್ವರ ಎಷ್ಟು ಅಂತ ಕೇಳಿದರಂತೆ. ಸರ್ಕಾರದಿಂದ ಹುಳ ನೋಡೋಕೆ ಬಂದವರು ಅಂದುಕೊಂಡ ಅತ್ತೆ ಸೆರಗು ಸರಿಮಾಡಿಕೊಂಡು ಎಲ್ಲಕ್ಕೂ ಅಂದರು. ನಾನು ಓಡಿ ಬರೋ ಹೊತ್ತಿಗೆ ಮಾತು ಇಲ್ಲಿಗೆ ಬಂದಿತ್ತು:

"ಇದು ನಾಲ್ಕನೇದು ಕಣಪ್ಪ. ಮೂರು ಆಗೋಯ್ತು. ಇದ್ರಾಗೆ ಎದ್ರೆ ಬದುಕ್ದಂಗೆ."

"ಅಜ್ಜಿ, ಹೋದ ಸಲ ಎಷ್ಟು ಸಾವಾದವು?"

"ಒಂದೂ ಉಳೀಲಿಲ್ಲ. ತಿಪ್ಪೆಗೆ ಹಾಕ್ದೋ."

ಆ ಬಿಳಿ ಉಡುಪಿನೊಳಗೆ ಅವರ ಮುಖ ಹೇಗಾಯ್ತೋ ಕಾಣಲಿಲ್ಲ. ಒಬ್ಬರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಜೀಪಿಗೆ ಒರಗಿಕೊಂಡರು. ನಾನು ಕೈ ಮುಗಿದು, ಅಯ್ಯೋ ಸಾರ್ ಹುಳ ಸಾರ್, ರೇಷ್ಮೆ ಹುಳ, ಅಂತ ಹುಳದ ಮನೆ ಹತ್ತಿರ ಕರ್ಕೊಂಡು ಹೋಗಿ ಬಾಗಿಲ ಸಂದಿಯಿಂದ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕರೂ ಕೆಲಸ ಕೆಲಸವೇ. ಬರೆಸಿದ್ದು ಬರೆಸಿಯಾಗಿತ್ತು. ಅತ್ತೆಯ ಗಂಟಲಿಗೂ ನನ್ನ ಗಂಟಲಿಗೂ ಕಡ್ಡಿ ಹಾಕಿ, ಗೇಟಿಗೆ ಒಂದು ಕಾಗದ ಅಂಟಿಸಿ, ರಿಪೋರ್ಟ್ ಬರೋವರೆಗೆ ಯಾರೂ ಈಚೆ ಬರೋ ಹಾಗಿಲ್ಲ, ಯಾರೂ ಒಳಗೆ ಹೋಗೋ ಹಾಗಿಲ್ಲ ಅಂತ ಹೇಳಿ ಹೋದರು.

ಡ್ಯೂಟಿಯಲ್ಲಿದ್ದ ನಮ್ಮನೆಯವರು ಅಲ್ಲೇ ಸಹೋದ್ಯೋಗಿಯ ರೂಮಲ್ಲಿ ಉಳಿದರು. ಸೊಪ್ಪು ಕೊಯ್ಯೋಕೆ ಬರ್ತಿದ್ದ ಇಬ್ಬರು ಹೆಂಗಸರು ಗೇಟಿನ ಕಾಗದ ನೋಡಿ ಹಂಗೇ ತಿರುಗಿದರು. ಅತ್ತೆ ಜಗಲಿ ಮೇಲೆ ಬೆಳ್ಳಿ ಸುರುಳಿಗಳ ಪಕ್ಕ ಕುಸಿದು ಕೂತರು. ನಾಳೆ ಹುಳ ಏಳ್ತವೆ, ಅಟ್ಟ ಹಂಗೇ ಐತೆ, ಮುಗೀತು ನನ್ನ ಕತೆ ಅಂದರು. ಅವರು ಅಷ್ಟು ಸಣ್ಣ ದನೀಲಿ ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ. ಯಾವಾಗಲೂ ಬೈಯೋರು ಬೈಯದೆ ಕೂತರೆ ನೋಡೋಕಾಗಲ್ಲ.

ಆ ಸಂಕಟವನ್ನೆಲ್ಲ ಫಿಟ್ಟರ್ ಮೇಲೆ ತೀರಿಸೋಣ ಅಂತ ಫೋನ್ ಮಾಡಿದೆ. ಅವನೂ ಒಂದು ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ರಿಪೋರ್ಟ್ ಕಾಯ್ತಾ ಇದ್ದ. ಹುಳ ಅಂತ ಕೇಳಿದ್ದೇ ತಡ, ಬೈಸಿಕೊಳ್ಳೋಕೆ ಮುಂಚೆಯೇ ಹತ್ತು ಸಲ ಸಾರಿ ಕೇಳಿದ. ಆಮೇಲೆ, ವಿಡಿಯೋ ಕಾಲ್ ಮಾಡಿ ಮೇಡಂ, ನಾನು ಹೇಳ್ಕೊಡ್ತೀನಿ, ನೀವೇ ಹಾಕಿ ಅಂದ. ಸ್ಕ್ರೂ ಹೊಡೆಯೋ ಹಾಗಿಲ್ಲ, ಸದ್ದಾಗುತ್ತೆ ಅಂದೆ. ಸ್ಕ್ರೂ ಇಲ್ಲದೆ ಹಾಳೆ ನಿಲ್ಲಲ್ಲ ಅಂದ. ಕಟ್ತೀನಿ ಅಂದೆ. ಗಂಟು ಜಾರುತ್ತೆ ಮೇಡಂ ಅಂದ. ನಾನು ಯಾರ ಮಗಳು ಅಂತ ಅವನಿಗೇನು ಗೊತ್ತು. ಮಗ್ಗದಲ್ಲಿ ಎಳೆ ಕಡಿದಾಗ ಹಾಕೋ ಗಂಟನ್ನ ಆರನೇ ವಯಸ್ಸಿಗೇ ಕಲಿತವಳು ನಾನು. ಎಳೆದಷ್ಟೂ ಬಿಗಿಯಾಗೋ ಗಂಟು ಅದು.

ಬಿಸಿಲೇರೋ ಮುಂಚೆ ಸ್ವಲ್ಪ, ಬಿಸಿಲಿಳಿದ ಮೇಲೆ ಸ್ವಲ್ಪ, ಹೀಗೆ ಶುಕ್ರವಾರ ಮತ್ತು ಶನಿವಾರ ಕೆಲಸ ನಡೀತು. ಅಟ್ಟದಲ್ಲಿ ಸೊಂಟ ಎತ್ತೋ ಹಾಗಿಲ್ಲ. ನಾನು ಮೇಲೆ ಮಂಡಿಯೂರಿ, ಅತ್ತೆ ಕೆಳಗೆ ಏಣಿ ಹಿಡಿದು, ಫೋನು ಒಂದು ಗಳಕ್ಕೆ ಕಟ್ಟಿ. ಕೆಳಗೆ ಹುಳ ತಲೆ ಎತ್ತಿಕೊಂಡು ಕೂತಿವೆ, ಜೋರಾಗಿ ಉಸಿರು ಬಿಡೋ ಹಾಗೂ ಇಲ್ಲ. ಪಿಸುಗುಟ್ಟಿಕೊಂಡು ಜಗಳ ಆಡೋದು ಎಷ್ಟು ಕಷ್ಟ ಅಂತ ಅವತ್ತು ತಿಳೀತು. ಗಂಟು ಸಡಿಲ ಅಂತ ಅತ್ತೆ ಪಿಸುಗುಟ್ಟೋರು, ನೀವೇ ಹತ್ತಿ ಬನ್ನಿ ಅಂತ ನಾನು ಪಿಸುಗುಟ್ಟೋಳು. ಹೊಳೆಯೋ ಮೈ ಮೇಲಕ್ಕಾ ಕೆಳಕ್ಕಾ ಅಂತ ಅರ್ಧ ಗಂಟೆ ಮಹಾಯುದ್ಧ, ಅದೂ ಕೈಸನ್ನೆಯಲ್ಲಿ. ಹಾಳೆ ಒಂದು ಸಲ ಸರ್ ಅಂದರೂ ಅತ್ತೆ ಹಲ್ಲು ಕಚ್ಚಿಕೊಳ್ಳೋರು. ಫಿಟ್ಟರ್ ಕೂಡ, ಮೇಡಂ ಶೀಟಿಗೂ ಹಾಳೆಗೂ ಮಧ್ಯೆ ಗಾಳಿ ಆಡೋಕೆ ಜಾಗ ಬಿಡಿ ಅಂತ ಫೋನಿನೊಳಗಿಂದ ಪಿಸುಗುಟ್ಟುತ್ತಿದ್ದ. ಯಲಹಂಕದಲ್ಲಿ ಕೂತು ನೀನ್ಯಾಕಪ್ಪ ಪಿಸುಗುಟ್ಟುತ್ತೀಯ ಅಂತ ಕೇಳಿದರೆ, ಹುಳ ಮಲಗಿದಾವಲ್ಲ ಮೇಡಂ ಅಂದ.

ಶನಿವಾರ ಬೆಳಿಗ್ಗೆ ಮೂಟೆ ಬಿಚ್ಚಿ ಹಲಗೆ ಮೇಲೆ ನೂಲು ಹರಡೋಕೆ ಶುರು ಮಾಡಿದೆವು. ಅತ್ತೆ ಕೆಳಗಿಂದ ಬುಟ್ಟಿಯಲ್ಲಿ ಎತ್ತಿಕೊಡೋರು. ಕೆಂಪು, ಗಿಣಿ ಹಸಿರು, ನೇರಳೆ, ನಡುನಡುವೆ ಜರಿ ಚೂರು. ಅದರಲ್ಲಿ ಮಗ್ಗದ ಎಣ್ಣೆ ವಾಸನೆ ಇತ್ತು, ಅಪ್ಪನ ಅಂಗಿಯಲ್ಲಿ ಬರೋ ವಾಸನೆ. ಮೂರು ತಿಂಗಳಿಂದ ತವರಿಗೆ ಹೋಗಿರಲಿಲ್ಲ ನಾನು. ದಳದಳ ಕಣ್ಣೀರು ಬಂದುಬಿಡ್ತು. ಪಿಸುಗುಟ್ಟಿಕೊಂಡು ಅಳೋದು ಜಗಳಕ್ಕಿಂತ ಕಷ್ಟ, ಸೆರಗು ಬಾಯಿಗೆ ತುರುಕಿಕೊಂಡೆ. ಮೇಲೆ ಸದ್ದಿಲ್ಲದ್ದು ನೋಡಿ ಅತ್ತೆ ಏಣಿಯ ಎರಡು ಮೆಟ್ಟಿಲು ಹತ್ತಿ, ಒಂದು ಚೊಂಬು ನೀರು ಹಲಗೆ ಮೇಲಿಟ್ಟು ಇಳಿದರು.

ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಇಬ್ಬರೂ ಹುಳದ ಮನೆ ಗೋಡೆಯ ಥರ್ಮಾಮೀಟರ್ ಮುಂದೆ ನಿಂತೆವು. ನಾನು ಓದಿದೆ. ಪಾದರಸ ಹಿಂದಿನ ದಿನಕ್ಕಿಂತ ನಾಲ್ಕು ಗೆರೆ ಕೆಳಗಿತ್ತು. ಸಂಜೆಗೆ ಹುಳ ಎದ್ದವು. ಇನ್ನು ನಮಗೆ ಕೂರೋಕೆ ಪುರುಸೊತ್ತಿಲ್ಲ. ಇಬ್ಬರೇ ಸೊಪ್ಪು ಕೊಯ್ದು, ಇಬ್ಬರೇ ಹೊತ್ತು, ಇಬ್ಬರೇ ಹಾಕಿದೆವು. ಮಂಗಳವಾರ ರಿಪೋರ್ಟ್ ಬಂತು, ನಮಗೂ ಏನಿಲ್ಲ, ಫಿಟ್ಟರಿಗೂ ಏನಿಲ್ಲ. ಅವನು ಒಂದು ಚೀಲ ಮಾವಿನಹಣ್ಣು ಹಿಡ್ಕೊಂಡು ಬಂದು, ಅಟ್ಟ ಹತ್ತಿ ಒಂದೊಂದೇ ಗಂಟು ಎಳೆದು ನೋಡಿದ. ಒಂದೂ ಜಾರಲಿಲ್ಲ. ಸ್ಕ್ರೂ ಡಬ್ಬಿಯನ್ನ ಹಂಗೇ ವಾಪಸ್ ತಗೊಂಡು ಹೋದ.

ಹುಳ ಹಣ್ಣಾದವು, ಗೂಡು ಕಟ್ಟಿದವು. ಗಟ್ಟಿ ಗೂಡು, ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಅನ್ನೋದು. ನಮ್ಮ ತಾಲ್ಲೂಕಿನ ವಿಜಯಪುರದ ಗೂಡಿನ ಮಾರ್ಕೆಟ್ಟಿಗೆ ಹಾಕಿ ಬಂದ ದಿನ ನಮ್ಮನೆಯವರು ಊಟದ ಮಧ್ಯೆ ತಟ್ಟೆ ನೋಡಿಕೊಂಡೇ, ಆಯ್ತು, ಹುಳ ಇರಲಿ ಬಿಡಿ ಅಂದರು. ಅತ್ತೆ ಅವರಿಗೆ ಇನ್ನೊಂದು ಮುದ್ದೆ ಹಾಕಿದರು.

ಮುಂದಿನ ಬೆಳೆಗೆ ಮರಿಹುಳ ಬೇಕಾ ಅಂತ ಹುಳ ಕೊಡೋ ಕೇಂದ್ರದಿಂದ ಫೋನ್ ಬಂದಾಗ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಈ ಸಲದಿಂದ ಸೊಸೆ ಹೆಸರಿಗೆ ಬರ್ಕೊಳ್ಳಪ್ಪ ಅಂತ ಅತ್ತೆ ಹೇಳಿದ್ದನ್ನ ಕೇಳಿ ನಾನು ಫೋನ್ ಕಿತ್ತುಕೊಂಡು, ಹತ್ತು ನಿಮಿಷ ಬಿಟ್ಟು ಮಾಡ್ತೀವಿ ಅಂದೆ. ಗೆದ್ದವರು ನೀವು, ಈಗ ನನ್ನ ತಲೆಗೆ ಕಟ್ತೀರಾ ಅಂತ ರೇಗಿದೆ. ನಿಜವಾಗಲೂ ಸಿಟ್ಟು ಬಂದಿತ್ತು.

ಅತ್ತೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡರು.

"ಆ ಎರಡು ಬೆಳೆ ಸೆಕೆಗೆ ಹೋಗ್ಲಿಲ್ಲ ಕಣವ್ವ," ಅಂದರು. "ನಂಗೆ ಕಣ್ಣು ಸರ್ಯಾಗಿ ಕಾಣಲ್ಲ. ಹುಳ ಜ್ವರಕ್ಕೆ ಕೂತವೋ ಎದ್ದವೋ ತಿಳೀದೆ, ಕೂತ ಹುಳದ ಮ್ಯಾಲೇ ಸೊಪ್ಪು ಹಾಕ್ದೆ. ಕೊಳೆತೋದವು. ಈ ಸಲ ನೀನು ನೋಡ್ದೆ, ಉಳ್ಕಂಡವು."

ಹಾಗಾದರೆ ನಾನು ಆ ಬೆಂಕಿಯೊಳಗೆ ಎರಡು ದಿನ ತೆವಳಿದ್ದು? ಮಗನಿಗೆ ಯಾಕೆ ಹೇಳಲಿಲ್ಲ ಅಂತ ಮಾತ್ರ ಕೇಳಿದೆ.

"ಸೂರು ಕೆಟ್ಟೈತೆ ಅಂದ್ರೆ ರಿಪೇರಿ ಮಾಡಿಸ್ತಾರೆ. ಮುದುಕಿ ಕೆಟ್ಟವ್ಳೆ ಅಂದ್ರೆ ಕೂತ್ಕೋ ಅಂತಾರೆ," ಅಂದರು ಅತ್ತೆ. ಆಮೇಲೆ, ತಂಪಂತೂ ಆಯ್ತಲ್ಲ, ಅದೇನು ಸುಮ್ನೆ ಹೋಗಿಲ್ಲ ಬಿಡು ಅಂತ ನನಗೇ ಸಮಾಧಾನ ಹೇಳಿದರು.

ನಾನು ಕೇಂದ್ರಕ್ಕೆ ಫೋನ್ ಮಾಡಿ, ಹೆಸರು ಅತ್ತೆದೇ ಇರಲಿ, ಮರಿಹುಳ ಕಳಿಸಿ ಅಂದೆ. ಮಾರನೇ ವಾರ ಅವರನ್ನ ದೇವನಹಳ್ಳಿಗೆ ಕರ್ಕೊಂಡು ಹೋಗಿ ಕಣ್ಣು ತೋರಿಸಿದೆ, ಮಳೆಗಾಲ ಕಳೆದ ಮೇಲೆ ಎರಡೂ ಕಣ್ಣಿನ ಪೊರೆ ತೆಗೆದರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಎರಡು ಬೆಳೆ ಯಾಕೆ ಹೋದವು ಅನ್ನೋದು ಮಾತ್ರ ನಮ್ಮಿಬ್ಬರಿಗೆ. ನಮ್ಮನೆಯವರು ಇವತ್ತಿಗೂ ಬಂದವರನ್ನೆಲ್ಲ ಏಣಿ ಹತ್ತಿಸಿ ಅಟ್ಟ ತೋರಿಸ್ತಾರೆ. ನೋಡಿ, ಸೆಕೆಯೇ ನಮ್ಮ ಹುಳ ಕೊಲ್ತಾ ಇದ್ದದ್ದು, ಇದೊಂದು ಮಾಡಿಸಿದ ಮೇಲೆ ಒಂದು ಬೆಳೆಯೂ ಹೋಗಿಲ್ಲ ಅಂತಾರೆ. ಹೌದೋ ಅಲ್ಲವೋ ಕೇಳಿ ಅಂತ ನನ್ನ ಕಡೆ ತಿರುಗ್ತಾರೆ. ಅತ್ತೆ ತಲೆ ಬಗ್ಗಿಸಿ ಸೊಪ್ಪು ಹಚ್ಚುತ್ತಾ ಇರ್ತಾರೆ. ಹೌದು ಅಂತೀನಿ ನಾನು.